ಸಾರಿನ ಬಟ್ಟಲು ಸೋರಿದ್ದೇಕೆ? – ಕಾಗದದ ಒಳಗಿನ ‘ಸೈಜಿಂಗ್’ ಬಗ್ಗೆ ಕೇಟರರ್‌ಗಳು ತಿಳಿಯಬೇಕಾದದ್ದು



ಕೆಲವು ವರ್ಷಗಳ ಹಿಂದಿನ ಮಾತು. ಮುಂಬಯಿ ಉಪನಗರದ ಒಂದು ಹಾಲ್‌ನಲ್ಲಿ ಮದುವೆ ರಿಸೆಪ್ಶನ್. ಮೇ ತಿಂಗಳ ಕೊನೆ, ಆರು ನೂರು ಜನರ ಬಫೆ. ಅಡುಗೆ ನನ್ನದು. ಊಟ ಅರ್ಧ ಆಗುವಷ್ಟರಲ್ಲಿ ಒಂದು ಕಡೆಯಿಂದ ಗಲಾಟೆ ಶುರುವಾಯಿತು. ಸಾರಿಗೆಂದು ಇಟ್ಟಿದ್ದ ಕಾಗದದ ಬಟ್ಟಲು, ಅಂದರೆ ಇಲ್ಲಿ ನಾವೆಲ್ಲ ವಾಟಿ ಎನ್ನುವುದು, ತಳದಲ್ಲಿ ಮೆತ್ತಗಾಗಿ ಸೋರುತ್ತಿತ್ತು. ಒಬ್ಬ ಹಿರಿಯ ಮಹಿಳೆಯ ರೇಷ್ಮೆ ಸೀರೆಯ ಮೇಲೆ ಸಾರು ಬಿತ್ತು. ಎರಡೆರಡು ಬಟ್ಟಲು ಒಂದರೊಳಗೊಂದು ಇಟ್ಟು ಹೇಗೋ ಊಟ ಮುಗಿಸಿದೆವು. ಸಾರು ಚೆನ್ನಾಗಿತ್ತು ಎಂದು ಮಾತ್ರ ಯಾರೂ ಹೇಳಲಿಲ್ಲ. ಮರುದಿನ ಹುಡುಗಿಯ ತಂದೆ ಬಿಲ್ಲಿನಲ್ಲಿ ಒಂದು ಮೊತ್ತ ಹಿಡಿದುಕೊಂಡರು. ನಾನು ಅದೇ ಮೊತ್ತವನ್ನು ಬಟ್ಟಲು ಕೊಟ್ಟವನ ಬಿಲ್ಲಿನಲ್ಲಿ ಹಿಡಿದೆ.

ಬಟ್ಟಲು ಕೊಟ್ಟವನು ದೊಡ್ಡ ವ್ಯಾಪಾರಿಯಲ್ಲ. ಎರಡು ಯಂತ್ರ ಇಟ್ಟುಕೊಂಡು ತಟ್ಟೆ, ಬಟ್ಟಲು ಒತ್ತುವ ನಮ್ಮೂರ ಕಡೆಯ ಹುಡುಗ. ವಾರ ಬಿಟ್ಟು ಬಂದವನು ಜಗಳ ಆಡಲಿಲ್ಲ. ‘ಭಟ್ರೇ, ನೀವು ದಪ್ಪ ಕೇಳಿದ್ರಿ, ದಪ್ಪ ಕೊಟ್ಟೆ. ರೇಟು ಇಳಿಸಿ ಅಂದ್ರಿ, ಇಳಿಸಿದೆ. ನೀರು ತಡೆಯುತ್ತದಾ ಅಂತ ಒಂದು ಮಾತು ಕೇಳಿದ್ರಾ?’ ಎಂದ. ನನ್ನಲ್ಲಿ ಉತ್ತರ ಇರಲಿಲ್ಲ. ಇಪ್ಪತ್ತೈದು ವರ್ಷ ಈ ಧಂಧೆಯಲ್ಲಿದ್ದರೂ ಕಾಗದ ನೀರು ತಡೆಯುವುದು ಹೇಗೆ ಎಂದು ನನಗೆ ಗೊತ್ತಿರಲಿಲ್ಲ. ದಪ್ಪ ಇದ್ದರೆ ತಡೆಯುತ್ತದೆ ಎಂದೇ ತಿಳಿದಿದ್ದೆ. ಬಹಳಷ್ಟು ಸದಸ್ಯರ ತಿಳುವಳಿಕೆಯೂ ಹಾಗೆಯೇ ಇದೆ ಎಂದು ನನ್ನ ಅಂದಾಜು. ಅದಕ್ಕೇ ಈ ಲೇಖನ.

ದಪ್ಪಕ್ಕೂ ನೀರಿಗೂ ಸಂಬಂಧ ಕಡಿಮೆ

ಕಾಗದ ಎಂದರೆ ಮರ, ಬಿದಿರು, ಕಬ್ಬಿನ ಸಿಪ್ಪೆ ಅಥವಾ ಹಳೆ ಕಾಗದದಿಂದ ತೆಗೆದ ನಾರು. ಈ ನಾರಿನ ಮುಖ್ಯ ವಸ್ತು ಸೆಲ್ಯುಲೋಸ್. ಅದಕ್ಕೆ ನೀರೆಂದರೆ ಬಹಳ ಪ್ರೀತಿ. ಹತ್ತಿ ಬಟ್ಟೆ ಬೆವರು ಹೀರುವುದೂ ಅದೇ ಕಾರಣಕ್ಕೆ. ಹಾಗಾಗಿ ಏನೂ ಹಾಕದ ಕಾಗದ ಎಷ್ಟೇ ದಪ್ಪ ಇರಲಿ, ನೀರನ್ನು ಹೀರಿಯೇ ಹೀರುತ್ತದೆ. ನಾವು ಸಣ್ಣವರಿದ್ದಾಗ ಶಾಯಿ ಒತ್ತುತ್ತಿದ್ದ ಬ್ಲಾಟಿಂಗ್ ಪೇಪರ್ ನೆನಪಿಸಿಕೊಳ್ಳಿ. ಅದು ದಪ್ಪವೇ ಇರುತ್ತಿತ್ತು, ಆದರೆ ಹೀರುವುದೇ ಅದರ ಕೆಲಸ.

ನಾವು ಕೇಳುವ ಜಿ.ಎಸ್.ಎಂ. ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. ಅದು ಗಟ್ಟಿತನ ಹೇಳುತ್ತದೆ, ನೀರು ತಡೆಯುವ ಶಕ್ತಿ ಹೇಳುವುದಿಲ್ಲ. ನೀರು ತಡೆಯುವುದಕ್ಕೆ ಕಾಗದ ತಯಾರಾಗುವಾಗಲೇ ನಾರಿಗೆ ಒಂದು ಔಷಧ ಸೇರಿಸಬೇಕು. ಅದಕ್ಕೆ ‘ಸೈಜಿಂಗ್’ ಎನ್ನುತ್ತಾರೆ. ಅಳತೆಯ ಸೈಜಿಗೂ ಇದಕ್ಕೂ ಸಂಬಂಧವಿಲ್ಲ. ನೇಕಾರರು ನೂಲಿಗೆ ಗಂಜಿ ಹಾಕುವುದಕ್ಕೂ ಇದೇ ಮಾತು ಬಳಕೆಯಲ್ಲಿದೆ.

ಬಾಳೆ ಎಲೆಗೆ ಪ್ರಕೃತಿಯೇ ಸೈಜಿಂಗ್ ಮಾಡಿದೆ. ಎಲೆಗೆ ನೀರು ಚಿಮುಕಿಸಿದರೆ ಹನಿ ಮುತ್ತಿನಂತೆ ಉರುಳುತ್ತದೆ. ಎಲೆಯ ಮೇಲಿರುವ ತೆಳ್ಳನೆಯ ಮೇಣದ ಪದರವೇ ಅದಕ್ಕೆ ಕಾರಣ. ಕಾಗದಕ್ಕೆ ಆ ಮೇಣವನ್ನು ನಾವು ಕೊಡಬೇಕು.

ರಾಳದಿಂದ ಮೇಣದವರೆಗೆ

ಹಿಂದಿನ ಕಾಲದಲ್ಲಿ ಕೈಕಾಗದಕ್ಕೆ ಗಂಜಿಯನ್ನೋ, ಪ್ರಾಣಿಜನ್ಯ ಜೆಲಾಟಿನ್ ಅಂಟನ್ನೋ ಹಾಳೆಯ ಮೇಲೆ ಹಚ್ಚುತ್ತಿದ್ದರು. 1807ರಲ್ಲಿ ಜರ್ಮನಿಯ ಮೊರಿಟ್ಜ್ ಫ್ರೆಡ್ರಿಕ್ ಇಲ್ಲಿಗ್ ಎಂಬವರು ಪೈನ್ ಮರದ ರಾಳ ಮತ್ತು ಪಟಿಕ ಸೇರಿಸಿ, ಹಾಳೆಯಾಗುವ ಮೊದಲೇ ತಿರುಳಿನಲ್ಲಿ ಬೆರೆಸುವ ವಿಧಾನ ಪ್ರಕಟಿಸಿದರು. ನೂರೈವತ್ತು ವರ್ಷ ಜಗತ್ತಿನ ಹೆಚ್ಚಿನ ಕಾಗದ ಇದೇ ದಾರಿಯಲ್ಲಿ ನಡೆಯಿತು. ಪಟಿಕದಿಂದ ಕಾಗದ ಆಮ್ಲೀಯವಾಗುತ್ತದೆ. ಹಳೆ ಪುಸ್ತಕಗಳ ಹಾಳೆ ಹಳದಿಯಾಗಿ ಮುಟ್ಟಿದರೆ ಪುಡಿಯಾಗುವುದಕ್ಕೆ ಅದು ಒಂದು ಮುಖ್ಯ ಕಾರಣ.

1950ರ ದಶಕದಿಂದ ಆಲ್ಕೈಲ್ ಕೀಟೀನ್ ಡೈಮರ್ ಎಂಬ ಮೇಣ ಬಂತು. ಕಾರ್ಖಾನೆಯವರು ಅದನ್ನು ಎ.ಕೆ.ಡಿ. ಎಂದೇ ಕರೆಯುತ್ತಾರೆ. ಆಮೇಲೆ ಆಲ್ಕೆನೈಲ್ ಸಕ್ಸಿನಿಕ್ ಅನ್‌ಹೈಡ್ರೈಡ್, ಅಂದರೆ ಎ.ಎಸ್.ಎ. ಎಂಬ ಎಣ್ಣೆ ಬಂತು. ಇವು ಆಮ್ಲ ಇಲ್ಲದ ತಿರುಳಿನಲ್ಲೂ ಕೆಲಸ ಮಾಡುತ್ತವೆ ಮತ್ತು ಸ್ವತಃ ನಾರಿನ ಜೊತೆ ರಾಸಾಯನಿಕವಾಗಿ ಕೂಡಿಕೊಳ್ಳುತ್ತವೆ. ನಮ್ಮ ಚಹಾ ಕಪ್ಪಿನ ಕಾಗದಕ್ಕೆ ಹೆಚ್ಚಾಗಿ ಬಳಸುವುದು ಎ.ಕೆ.ಡಿ. ಒಂದು ಟನ್ ಕಾಗದಕ್ಕೆ ಬೇಕಾದ ಮೇಣ ಕೆಲವೇ ಕಿಲೋ. ಒಂದು ಕಿಲೋ ಕಾಗದಕ್ಕೆ ಲೆಕ್ಕ ಹಾಕಿದರೆ ಒಂದೆರಡು ಚಿಟಿಕೆ ಉಪ್ಪಿನಷ್ಟು. ಆ ಚಿಟಿಕೆಯ ಮೇಲೆ ನಮ್ಮ ಮರ್ಯಾದೆ ನಿಂತಿದೆ.

ಎಮಲ್ಷನ್ ಎಂದರೆ ನಮ್ಮ ಕಾಯಿಹಾಲೇ

ಇಲ್ಲಿ ಒಂದು ತೊಡಕಿದೆ. ಮೇಣ ನೀರಿನಲ್ಲಿ ಕರಗುವುದಿಲ್ಲ. ಕಾಗದದ ತಿರುಳಿನಲ್ಲಿ ಇರುವುದು ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರು. ಹಾಗಿದ್ದರೆ ಇಷ್ಟು ಸ್ವಲ್ಪ ಮೇಣ ಪ್ರತಿ ನಾರಿಗೂ ತಲುಪುವುದು ಹೇಗೆ? ಮೇಣವನ್ನು ಬಿಸಿಮಾಡಿ ಕರಗಿಸಿ, ಗಂಜಿನೀರಿನ ಜೊತೆ ಭಾರೀ ಒತ್ತಡದಲ್ಲಿ ಸಣ್ಣ ಸಂದಿಯ ಮೂಲಕ ನುಗ್ಗಿಸಿ, ಕೂಡಲೇ ತಂಪು ಮಾಡುತ್ತಾರೆ. ಮೇಣ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು ಸಣ್ಣ ಕಣಗಳಾಗಿ ನೀರಿನಲ್ಲಿ ಹರಡಿ ನಿಲ್ಲುತ್ತದೆ. ನೋಡಲು ಬೆಳ್ಳಗೆ ಹಾಲಿನಂತಿರುತ್ತದೆ. ಇದೇ ಸೈಜಿಂಗ್ ಎಮಲ್ಷನ್.

ಎಮಲ್ಷನ್ ನಮಗೆ ಹೊಸದಲ್ಲ. ತೆಂಗಿನ ಕಾಯಿಹಾಲು ಎಂದರೆ ಎಣ್ಣೆಯ ಸಣ್ಣ ಹನಿಗಳು ನೀರಿನಲ್ಲಿ ನಿಂತಿರುವುದು. ಪಾಯಸಕ್ಕೆ ಮೊದಲ ಹಾಲು ಹಾಕಿದ ಮೇಲೆ ಜೋರು ಕುದಿಸಬೇಡ ಎಂದು ನಮ್ಮ ಹುಡುಗರಿಗೆ ಎಷ್ಟು ಸಲ ಹೇಳಿಲ್ಲ! ಕುದಿಸಿದರೆ ಹಾಲು ಒಡೆದು ಎಣ್ಣೆ ಮೇಲೆ ತೇಲುತ್ತದೆ. ಮಜ್ಜಿಗೆ ಹುಳಿ ಒಡೆಯಬಾರದೆಂದು ಅಕ್ಕಿ ಹಿಟ್ಟು ಕಲಸಿ ಬಿಡುತ್ತೇವೆ. ಕಾಗದದ ಎಮಲ್ಷನ್‌ನಲ್ಲೂ ಅದೇ ಉಪಾಯ. ಅಲ್ಲಿಯ ಗಂಜಿಗೆ ಧನ ವಿದ್ಯುದಂಶ ಕೊಟ್ಟಿರುತ್ತಾರೆ. ಈ ಗಂಜಿ ಪ್ರತಿ ಮೇಣದ ಕಣವನ್ನು ಸುತ್ತಿಕೊಳ್ಳುತ್ತದೆ. ಎಲ್ಲ ಕಣಗಳಿಗೂ ಒಂದೇ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ, ಗಂಟು ಕಟ್ಟುವುದಿಲ್ಲ. ಕಾಗದದ ನಾರಿನಲ್ಲಿ ಋಣ ವಿದ್ಯುದಂಶ ಇರುವುದರಿಂದ ಕಣಗಳು ಹೋಗಿ ನಾರಿಗೆ ಅಂಟಿಕೊಳ್ಳುತ್ತವೆ. ಮುಂದೆ ಹಾಳೆ ಬಿಸಿ ರೋಲರ್‌ಗಳ ಮೇಲೆ ಒಣಗುವಾಗ ಮೇಣ ಕರಗಿ ನಾರಿನ ಮೇಲೆ ಹರಡಿ ಅದರ ಜೊತೆ ಸೇರುತ್ತದೆ.

ಎಮಲ್ಷನ್ ಕೆಡುವುದು ಎರಡು ರೀತಿ

ಆ ಹುಡುಗ ನನ್ನನ್ನು ಒಂದು ದಿನ ವಾಪಿ ಕಡೆಯ ಒಂದು ಕಾಗದ ಕಾರ್ಖಾನೆಗೆ ಕರೆದುಕೊಂಡು ಹೋದ. ಅಲ್ಲಿ ಯಂತ್ರ ನೋಡಿಕೊಳ್ಳುವವರು ಮೊದಲು ಒಂದು ಮೂಲೆಯಲ್ಲಿ ಬೇರೆ ಇಟ್ಟಿದ್ದ ಎರಡು ಡ್ರಮ್ ತೋರಿಸಿದರು. ಮುಚ್ಚಳ ತೆಗೆದರೆ ಒಳಗಿನದು ಒಡೆದ ಮೊಸರಿನಂತೆ ಗಂಟು ಗಂಟಾಗಿತ್ತು. ಬೇಸಿಗೆಯಲ್ಲಿ ತಗಡಿನ ಶೆಡ್ಡಿನ ಕೆಳಗೆ ಉಳಿದುಬಿಟ್ಟಿದ್ದ ಮಾಲು. ಈ ಮೇಣ ಸುಮಾರು 50 ಡಿಗ್ರಿಯಲ್ಲೇ ಕರಗುತ್ತದೆ. ಅದಕ್ಕಿಂತ ಮೊದಲೇ ಕಣಗಳು ಮೆತ್ತಗಾಗಿ ಒಂದಕ್ಕೊಂದು ಅಂಟಲು ಶುರುಮಾಡುತ್ತವೆ. ಅದಕ್ಕೇ ಎಮಲ್ಷನ್ನನ್ನು ತಂಪು ಜಾಗದಲ್ಲಿ, 25–30 ಡಿಗ್ರಿ ಮೀರದಂತೆ ಇಡಬೇಕು. ಹಾಗೆಂದು ಹೆಪ್ಪುಗಟ್ಟಿಸಲೂಬಾರದು, ಹೆಪ್ಪುಗಟ್ಟಿ ಕರಗಿದರೂ ಒಡೆಯುತ್ತದೆ. ಪಂಪಿನಲ್ಲಿ ಜೋರಾಗಿ ಕಡೆದರೂ, ಬೇರೆ ರಾಸಾಯನಿಕದ ಪೈಪಿನಲ್ಲಿ ಹಾಯಿಸಿದರೂ ಕೆಡುತ್ತದೆ. ಗಂಜಿ ಇರುವುದರಿಂದ ಹುಳಿಯುವ ಭಯವೂ ಇದೆ.

‘ಇದು ಒಳ್ಳೆಯದು. ಕೆಟ್ಟಿದೆ ಅಂತ ಕಣ್ಣಿಗೆ ಕಾಣುತ್ತದೆ, ಹಾಕುವುದಿಲ್ಲ. ಕಾಣದೆ ಕೆಡುವುದೇ ಅಪಾಯ’ ಎಂದರು ಅವರು. ಎ.ಕೆ.ಡಿ. ನಾರಿನ ಜೊತೆ ಸೇರುವ ಮೊದಲು ನೀರಿನ ಜೊತೆಗೇ ಸೇರಿಬಿಟ್ಟರೆ ಬೇರೊಂದು ವಸ್ತುವಾಗುತ್ತದೆ. ಅದು ನಾರನ್ನು ಹಿಡಿದುಕೊಳ್ಳುವುದಿಲ್ಲ. ಡ್ರಮ್ಮಿನಲ್ಲಿ ಹಾಲು ಮೊದಲಿನಂತೆ ಬೆಳ್ಳಗೆ, ನಯವಾಗಿಯೇ ಕಾಣುತ್ತದೆ, ಶಕ್ತಿ ಮಾತ್ರ ಇಳಿದಿರುತ್ತದೆ. ಹಳೆಯದಾದಷ್ಟೂ, ಬಿಸಿಯಾದಷ್ಟೂ ಈ ನಷ್ಟ ಹೆಚ್ಚು. ಆದ್ದರಿಂದ ತಯಾರಾದ ತಾರೀಖು ನೋಡಿ, ಹೇಳಿದ ಅವಧಿಯೊಳಗೆ ಮುಗಿಸಬೇಕು. ಪ್ರತಿ ರೋಲಿನ ತುಂಡು ತೆಗೆದು ಪರೀಕ್ಷೆ ಮಾಡಲೇಬೇಕು.

ಎ.ಎಸ್.ಎ.ಯದು ಇನ್ನೂ ಅವಸರದ ಸ್ವಭಾವ. ನೀರು ತಾಗದಂತೆ ಎಣ್ಣೆಯಾಗಿ ಇಟ್ಟರೆ ಉಳಿಯುತ್ತದೆ. ಎಮಲ್ಷನ್ ಮಾಡಿದ ಮೇಲೆ ಇಟ್ಟುಕೊಳ್ಳುವ ಹಾಗಿಲ್ಲ. ಕಾರ್ಖಾನೆಯಲ್ಲೇ ಮಾಡಿ ಆಗಿಂದಾಗಲೇ ಯಂತ್ರಕ್ಕೆ ಬಿಡಬೇಕು, ಫಿಲ್ಟರ್ ಕಾಫಿ ಬೆರೆಸಿದ ಕೂಡಲೇ ಕೊಡುವ ಹಾಗೆ. ತಡವಾದರೆ ಹಾಳಾದ ಎಣ್ಣೆ ಅಂಟಾಗಿ ಯಂತ್ರಕ್ಕೆ ಮೆತ್ತಿಕೊಳ್ಳುತ್ತದೆ. ಇದರ ಲಾಭವೆಂದರೆ ಯಂತ್ರದಿಂದ ಇಳಿಯುವಾಗಲೇ ಕಾಗದ ನೀರು ತಡೆಯಲು ತಯಾರು. ಎ.ಕೆ.ಡಿ. ಹಾಗಲ್ಲ. ಮಾವಿನ ಮಿಡಿ ಉಪ್ಪಿನಕಾಯಿ ಮಾಗುವಂತೆ, ಅದರ ಪೂರ್ತಿ ಶಕ್ತಿ ಬರಲು ರೋಲು ಇಳಿದ ಮೇಲೂ ಕೆಲವು ದಿನ ಬೇಕಾಗಬಹುದು.

ಕಣ ಎಷ್ಟು ಸಣ್ಣ ಇರಬೇಕು ಎನ್ನುವುದರಲ್ಲೂ ಹದ ಇದೆ. ದೊಡ್ಡದಾದರೆ ಅಲ್ಲಲ್ಲಿ ಮೇಣ, ಅಲ್ಲಲ್ಲಿ ಬರೀ ನಾರು ಎಂದಾಗುತ್ತದೆ. ತೀರಾ ಸಣ್ಣದಾದರೆ ನೀರಿಗೆ ತಾಗುವ ಮೈ ಹೆಚ್ಚಾಗಿ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಹಾಳಾಯಿತೆಂದು ಎರಡು ಪಟ್ಟು ಸುರಿದರೂ ಉಪಯೋಗವಿಲ್ಲ. ಹೆಚ್ಚಾದ ಎ.ಕೆ.ಡಿ.ಯಿಂದ ಕಾಗದ ಜಾರುತ್ತದೆ, ಯಂತ್ರ ಕೊಳೆಯಾಗುತ್ತದೆ. ಹಳೆ ಕಾಗದದ ತಿರುಳಿನಲ್ಲಿ ಪುಡಿ ನಾರು, ಹಳೆಯ ಅಂಟು, ಸಾಬೂನಿನಂಥ ವಸ್ತು ಉಳಿದಿದ್ದರೆ ಅವು ಎಮಲ್ಷನ್ನನ್ನು ತಿಂದುಹಾಕುತ್ತವೆ. ಅಗ್ಗದ ಬೂದು ರಟ್ಟು ಒಂದು ಲಾಟಿನಲ್ಲಿ ಚೆನ್ನಾಗಿದ್ದು ಇನ್ನೊಂದರಲ್ಲಿ ಕೈಕೊಡುವುದಕ್ಕೆ ಇದೂ ಕಾರಣ.

ಪರೀಕ್ಷೆಯಲ್ಲಿ ಫೇಲಾದ ರೋಲು ಏನಾಗುತ್ತದೆ ಎಂದು ಕೇಳಿದೆ. ‘ನೀರಿನ ಕೆಲಸಕ್ಕಲ್ಲ ಅಂತ ಹೇಳಿ ಕಡಿಮೆ ರೇಟಿಗೆ ಲಾಟ್ ಮಾಲು ಅಂತ ಕೊಡುತ್ತೇವೆ. ಆಮೇಲೆ ಅದು ನಾಲ್ಕು ಕೈ ದಾಟುತ್ತದೆ’ ಎಂದರು. ನನ್ನ ಹುಡುಗ ತಲೆ ತಗ್ಗಿಸಿದ. ನಾನು ರೇಟು ಹಿಂಡಿದ್ದಕ್ಕೆ ಅವನು ಲಾಟ್ ಮಾಲು ತಂದಿದ್ದ. ಮಾರಿದವನು ನೀರಿನ ಮಾತು ಅವನಿಗೆ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ದಪ್ಪ ಸರಿಯಾಗಿತ್ತು, ಬಣ್ಣ ಸರಿಯಾಗಿತ್ತು.

ಸೈಜಿಂಗ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಕಾರ್ಖಾನೆಯಲ್ಲಿ ಮಾಡುವ ಪರೀಕ್ಷೆಗೆ ಕಾಬ್ ಟೆಸ್ಟ್ ಎಂದು ಹೆಸರು. 100 ಚದರ ಸೆಂಟಿಮೀಟರ್ ಕಾಗದದ ಮೇಲೆ ಉಂಗುರ ಇಟ್ಟು 100 ಮಿಲಿಲೀಟರ್ ನೀರು ಹಾಕುತ್ತಾರೆ. 60 ಸೆಕೆಂಡ್ ಆದ ಮೇಲೆ ನೀರು ಚೆಲ್ಲಿ, ಒತ್ತಿ ಒರೆಸಿ ತೂಗುತ್ತಾರೆ. ಒಂದು ಚದರ ಮೀಟರ್ ಲೆಕ್ಕದಲ್ಲಿ ಎಷ್ಟು ಗ್ರಾಂ ನೀರು ಕುಡಿಯಿತು ಎನ್ನುವುದೇ ಕಾಬ್ ಅಂಕಿ. ಚೆನ್ನಾಗಿ ಸೈಜ್ ಮಾಡಿದ ರಟ್ಟಿನಲ್ಲಿ ಇದು 20–30ರ ಆಸುಪಾಸು ಇರುತ್ತದೆ. ಅಂಕಿ ಕಡಿಮೆ ಇದ್ದಷ್ಟೂ ಒಳ್ಳೆಯದು.

ಆದರೆ ಈ ಪರೀಕ್ಷೆ ತಣ್ಣೀರಿನದು, ಒಂದು ನಿಮಿಷದ್ದು. ನಮ್ಮ ಸಾರು ಬಿಸಿ, ಅತಿಥಿ ಬಟ್ಟಲು ಹಿಡಿದು ಇಪ್ಪತ್ತು ನಿಮಿಷ ಮಾತಾಡುತ್ತಾರೆ. ಸೈಜಿಂಗ್ ನೀರನ್ನು ತಡಮಾಡುತ್ತದೆ, ಶಾಶ್ವತವಾಗಿ ನಿಲ್ಲಿಸುವುದಿಲ್ಲ. ನಾರಿನ ನಡುವೆ ರಂಧ್ರಗಳು ಹಾಗೆಯೇ ಇರುತ್ತವೆ. ಹಬೆಯನ್ನಂತೂ ಅದು ತಡೆಯುವುದೇ ಇಲ್ಲ. ಬಿಸಿ ಇಡ್ಲಿಯನ್ನು ಕಾಗದದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಳ್ಳೆಯ ಕಾಗದವೂ ಮೆತ್ತಗಾಗುತ್ತದೆ. ಹಬೆ ಹೋಗಲು ತೂತು ಬೇಕು.

ಎಣ್ಣೆಯ ವಿಷಯವೇ ಬೇರೆ. ನೀರು ತಡೆಯುವ ಸೈಜಿಂಗ್ ಎಣ್ಣೆ ತಡೆಯುವುದಿಲ್ಲ. ಬೋಂಡಾ ಇಟ್ಟ ತಟ್ಟೆ ನೀರಿನ ಪರೀಕ್ಷೆ ಪಾಸಾಗಿದ್ದರೂ ಎಣ್ಣೆ ಕುಡಿಯುತ್ತದೆ. ಎಣ್ಣೆ ತಡೆಯಲು ಒತ್ತೊತ್ತಾಗಿ ಅರೆದ ನಾರಿನ ಗ್ರೀಸ್‌ಪ್ರೂಫ್ ಕಾಗದ ಬೇಕು, ಇಲ್ಲವೇ ಮೇಲೆ ಲೇಪ ಬೇಕು. ಕಬ್ಬಿನ ಸಿಪ್ಪೆಯ ತಟ್ಟೆಗಳಿಗೆ ಎಣ್ಣೆ ತಡೆಯಲೆಂದು ಕೆಲವೆಡೆ ಫ್ಲೋರಿನ್ ಇರುವ ಪಿ.ಎಫ್.ಎ.ಎಸ್. ರಾಸಾಯನಿಕ ಬಳಸುತ್ತಿದ್ದರು. ಅವು ಪರಿಸರದಲ್ಲಿಯೂ ದೇಹದಲ್ಲಿಯೂ ಬೇಗ ಕರಗದೆ ಉಳಿಯುವಂಥವು. ಇವನ್ನು ಹಾಕಿದ ಗ್ರೀಸ್‌ಪ್ರೂಫ್ ವಸ್ತುಗಳ ಮಾರಾಟ ಆಹಾರದ ಕಾಗದಕ್ಕೆ ನಿಂತಿದೆ ಎಂದು ಅಮೆರಿಕದ ಎಫ್.ಡಿ.ಎ. 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು. ‘ಎಣ್ಣೆಪ್ರೂಫ್’ ಎಂದವರನ್ನು ಯಾವುದರಿಂದ ಎಂದು ಕೇಳುವ ಹಕ್ಕು ನಮಗಿದೆ.

ದಿನಪತ್ರಿಕೆಯ ಕಾಗದಕ್ಕೆ ಸಾಮಾನ್ಯವಾಗಿ ಸೈಜಿಂಗ್ ಇರುವುದೇ ಇಲ್ಲ, ಮೇಲೆ ಶಾಯಿ ಬೇರೆ. ಅದರಲ್ಲಿ ವಡೆ, ಭಜಿ ಕಟ್ಟುವುದನ್ನು ಎಫ್.ಎಸ್.ಎಸ್.ಎ.ಐ. 2018ರ ಪ್ಯಾಕೇಜಿಂಗ್ ನಿಯಮಗಳಲ್ಲಿ ನಿಷೇಧಿಸಿದೆ.

ಪ್ಲಾಸ್ಟಿಕ್ ಪದರ ಇದ್ದರೆ ಸೈಜಿಂಗ್ ಬೇಡವೇ?

ಬೇಕು. ಚಹಾ ಕಪ್ಪಿನ ಒಳಮೈಗೆ ಪ್ಲಾಸ್ಟಿಕ್ ಪದರ ಇದ್ದರೂ, ಕಪ್ಪಿನ ಪಕ್ಕದ ಜೋಡಣೆಯಲ್ಲಿ ಕಾಗದದ ಕತ್ತರಿಸಿದ ಅಂಚು ಒಳಗೆ ತೆರೆದೇ ಇರುತ್ತದೆ. ಚಹಾ ಅಲ್ಲಿಂದ ಒಳಹೊಕ್ಕು ಮೇಲೇರುತ್ತದೆ. ಸೈಜಿಂಗ್ ಗಟ್ಟಿ ಇದ್ದರೆ ಮಾತ್ರ ಆ ಅಂಚು ತಡೆಯುತ್ತದೆ.

ಇನ್ನು ಕಾನೂನಿನ ಮಾತು. ಪ್ಲಾಸ್ಟಿಕ್‌ನ ತಟ್ಟೆ, ಲೋಟ, ಚಮಚಗಳ ಮೇಲೆ ದೇಶಾದ್ಯಂತ ನಿಷೇಧ 2022ರ ಜುಲೈ 1ರಿಂದ ಬಂದಿದೆ. ತಮಿಳುನಾಡಿನಲ್ಲಿ 2019ರ ಜನವರಿ 1ರಿಂದಲೇ ಪ್ಲಾಸ್ಟಿಕ್ ಲೇಪದ ಕಾಗದದ ಕಪ್ಪು, ತಟ್ಟೆಗಳೂ ನಿಷೇಧದಲ್ಲಿ ಸೇರಿವೆ. ಕಪ್ಪುಗಳ ಮೇಲಿನ ನಿಷೇಧವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿಯಿತು. ಮಹಾರಾಷ್ಟ್ರ ಸರ್ಕಾರವೂ 2022ರ ಜುಲೈನಲ್ಲಿ ಪ್ಲಾಸ್ಟಿಕ್ ಲೇಪದ ತಟ್ಟೆ, ಬಟ್ಟಲುಗಳನ್ನು ನಿಷೇಧದ ವ್ಯಾಪ್ತಿಗೆ ತಂದಿತು. ಆಯಾ ರಾಜ್ಯದ ಸದಸ್ಯರು ತಮ್ಮಲ್ಲಿನ ನಿಯಮ ನೋಡಿಕೊಳ್ಳಬೇಕು. ಲೇಪ ಹೋದಷ್ಟೂ ಭಾರವೆಲ್ಲ ಸೈಜಿಂಗ್ ಮೇಲೆ ಬೀಳುತ್ತದೆ ಎನ್ನುವುದನ್ನು ಮಾತ್ರ ನಾವು ನೆನಪಿಡಬೇಕು.

ನಮ್ಮ ಅಡುಗೆಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಮೊದಲನೆಯದು, ಬಟ್ಟಲಿಗೆ ಬಡಿಸುವಷ್ಟೇ ಬಿಸಿಯ ಸಾರು ಹಾಕಿ ಹಳೆ ಪೇಪರಿನ ಮೇಲೆ ಅರ್ಧ ಗಂಟೆ ಇಡಿ. ಕೆಳಗಿನ ಪೇಪರು ಒದ್ದೆಯಾದರೆ ಆ ಮಾಲು ಬೇಡ. ಕನಿಷ್ಠ ಹತ್ತು ಬಟ್ಟಲು, ಬೇರೆ ಬೇರೆ ಕಟ್ಟಿನಿಂದ ತೆಗೆದು ನೋಡಿ.

ಎರಡನೆಯದು, ತಟ್ಟೆಯಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ ಕಾಫಿ ಡಿಕಾಕ್ಷನ್‌ನಲ್ಲಿ ನಿಲ್ಲಿಸಿ. ಹತ್ತು ನಿಮಿಷದಲ್ಲಿ ಕಂದು ಬಣ್ಣ ಎಷ್ಟು ಮೇಲೇರಿತು ನೋಡಿ. ಎರಡು ಮೂರು ಕಡೆಯ ಮಾಲು ಒಟ್ಟಿಗೆ ಇಟ್ಟರೆ ವ್ಯತ್ಯಾಸ ತಾನಾಗಿಯೇ ಕಾಣುತ್ತದೆ.

ಮೂರನೆಯದು, ಬೆಚ್ಚಗಿನ ಎಣ್ಣೆ ಒಂದು ಹನಿ ಬಿಟ್ಟು ಹತ್ತು ನಿಮಿಷ ಬಿಡಿ. ಕಾಗದ ಪಾರದರ್ಶಕವಾದರೆ ಅದು ಕರಿದ ತಿಂಡಿಗೆ ಆಗದು.

ನಾಲ್ಕನೆಯದು, ಲೇಪ ಇಲ್ಲ ಎಂದು ಹೇಳಿ ಕೊಟ್ಟಿದ್ದನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ. ಬೆಳಿಗ್ಗೆ ತೆಳ್ಳನೆಯ ಹಾಳೆ ಬೇರೆಯಾಗಿ ಬಂದರೆ ಪ್ಲಾಸ್ಟಿಕ್ ಪದರ ಇದೆ ಎಂದರ್ಥ.

ಆರ್ಡರ್ ಕೊಡುವಾಗ ಜಿ.ಎಸ್.ಎಂ. ಜೊತೆಗೆ ಕಾಬ್ ಅಂಕಿಯನ್ನೂ ಬರೆಸಿಕೊಳ್ಳಿ. ಪ್ರತಿ ಲಾಟಿನಿಂದ ನಾಲ್ಕು ಬಟ್ಟಲು ತಾರೀಖು ಬರೆದು ತೆಗೆದಿಡಿ. ತಕರಾರು ಬಂದಾಗ ಇಬ್ಬರಿಗೂ ಅದೇ ಸಾಕ್ಷಿ. ಗೋಡೌನಿನಲ್ಲಿ ಕಟ್ಟುಗಳನ್ನು ನೆಲಕ್ಕೆ, ಒದ್ದೆ ಗೋಡೆಗೆ ತಾಗಿಸಬೇಡಿ. ಭಟ್ಟಿಯ ಪಕ್ಕವೂ ಬೇಡ. ಹಳೆ ಮಾಲು ಮೊದಲು ಖರ್ಚು ಮಾಡಿ.

ನಾನು ಹಿಡಿದಿಟ್ಟ ಹಣವನ್ನು ಆ ಹುಡುಗನಿಗೆ ಅದೇ ತಿಂಗಳು ಕೊಟ್ಟುಬಿಟ್ಟೆ. ಅವನು ಅರ್ಧ ಸಾಕು ಎಂದ, ತಪ್ಪಿನಲ್ಲಿ ತನ್ನದೂ ಪಾಲಿದೆ ಎಂದ. ನಾನು ಒಪ್ಪಲಿಲ್ಲ, ಏಕೆಂದರೆ ರೇಟು ಹಿಂಡಿದವನು ನಾನು. ಈಗ ಒಂದು ಬಟ್ಟಲಿಗೆ ಕೆಲವು ಪೈಸೆ ಹೆಚ್ಚು ಕೊಡುತ್ತೇನೆ. ಮಾಲು ಬಂದ ದಿನ ಅವನೇ ಬಂದು ನನ್ನ ಅಡುಗೆಮನೆಯಲ್ಲಿ ಸಾರು ಹಾಕಿ ತೋರಿಸುತ್ತಾನೆ. ಅರ್ಧ ಗಂಟೆ ಕಾಯಬೇಕಲ್ಲ, ಅಷ್ಟರಲ್ಲಿ ಇಬ್ಬರೂ ಒಂದೊಂದು ಕಾಫಿ ಕುಡಿಯುತ್ತೇವೆ.

ಸದಸ್ಯರೆಲ್ಲ ಮುಂದಿನ ಆರ್ಡರಿಗೆ ಮೊದಲು ಒಮ್ಮೆ ಈ ಪರೀಕ್ಷೆ ಮಾಡಿ ನೋಡಬೇಕಾಗಿ ವಿನಂತಿ.